ನನ್ನ ರೀಲ್‌ನಲ್ಲಿ 1510 ಯಾಕೆ ಇರಲಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಇದನ್ನು ಕೇಳ್ತಾ ಇರೋರು ಯಾರಾದರೂ ಇದ್ದರೆ, ನಾನೂ ನಿಮ್ಮ ಪೈಕಿಯೇ. ಮನೆ ಶಿರಾಲಿ, ಅಂದ್ರೆ ಭಟ್ಕಳ ತಾಲೂಕು. ಡಿಗ್ರಿ ಓದಿದ್ದು ಹೊನ್ನಾವರದಲ್ಲಿ. ಎಂ.ಎ. ಧಾರವಾಡ. ಈಗ ಕುಮಟಾದ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿ ಅನ್ನೋ ಪದದ ಅರ್ಥ ಸಂಬಳದ ದಿನ ಚೆನ್ನಾಗಿ ತಿಳಿಯುತ್ತೆ, ಅದು ಬಿಡಿ. ದಿನಾ ಬೆಳಿಗ್ಗೆ ಬಸ್ಸು ಶರಾವತಿ ಸೇತುವೆ ದಾಟುವಾಗ ಎಡಕ್ಕೆ ಅಳಿವೆ ಕಾಣುತ್ತೆ. ದೋಣಿಗಳು, ಆಚೆ ಸಮುದ್ರ. ನಾನು ಇವತ್ತು ಹೇಳೋ ಕಥೆ ಶುರುವಾಗೋದು ಅಲ್ಲೇ, ಮತ್ತೆ ನನ್ನ ಒಂದು ತಪ್ಪಿನಿಂದ.

ಹೋದ ವರ್ಷ ನಾನು ಒಂದು ರೀಲ್ ಮಾಡಿದೆ. ಹೊನ್ನಾವರದ ಬಂದರಿನಲ್ಲಿ ನಿಂತು, ಸಂಜೆ ಬೆಳಕು, ಹಿಂದೆ ಡೋಲಿನ ಸದ್ದು, ಎಲ್ಲಾ ಹಾಕಿ. ವಿಷಯ ತಿಮ್ಮೋಜ. ಪೋರ್ಚುಗೀಸರ ಬರಹಗಳಲ್ಲಿ ಟಿಮೋಜಾ ಅಂತ ಬರೋ ಹೊನ್ನಾವರದ ನಾವಿಕ. 1505ರ ಅಕ್ಟೋಬರಿನಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ಡಿ ಆಲ್ಮೇಡಾ ಹೊನ್ನಾವರಕ್ಕೆ ಬಂದು ಇಲ್ಲಿನ ಹಡಗುಗಳಿಗೆ ಬೆಂಕಿ ಇಟ್ಟ. ಇದು ನಿಜ. ನಾನು ರೀಲ್‌ನಲ್ಲಿ ಹೇಳಿದ್ದು ಇಷ್ಟು: ಅವರು ಬಂದರು, ಸುಟ್ಟರು, ನಮ್ಮ ತಿಮ್ಮೋಜ ಎದೆಯೊಡ್ಡಿ ನಿಂತ. ಕೊನೆಗೆ ‘ನಮ್ಮ ಹೆಮ್ಮೆ’ ಅಂತ ಒಂದು ಸಾಲು. ತೊಂಬತ್ತು ಸೆಕೆಂಡು.

ಓಡ್ತು ಮಾರಾಯ್ರೆ. ನನ್ನ ಯಾವ ಕ್ಲಾಸಿಗೂ ಇಲ್ಲದ ಹಾಜರಾತಿ ಅದಕ್ಕೆ ಸಿಕ್ತು. ಎರಡು ದಿನ ಫೋನ್ ಬಿಸಿಯಾಗೇ ಇತ್ತು. ಮೂರನೇ ದಿನ ಕಾಮೆಂಟುಗಳ ಬಣ್ಣ ಬದಲಾಯ್ತು. ಯಾರೋ ಒಬ್ಬ ಈಗಿನ ಕ್ರೈಸ್ತರ ಬಗ್ಗೆ ಬರೆದ. ಇನ್ನೊಬ್ಬ ಅದಕ್ಕೆ ಸೇರಿಸಿದ. ‘ನಿಮ್ಮ ಪೋರ್ಚುಗೀಸ್ ಅಪ್ಪಂದಿರ ಊರಿಗೆ ಹೋಗಿ’ ಅನ್ನೋ ಮಟ್ಟಕ್ಕೆ ಹೋಯ್ತು. ನಾನು ಡಿಲೀಟ್ ಮಾಡಬಹುದಿತ್ತು. ಮಾಡಲಿಲ್ಲ. ಲೈಕ್ ಏರ್ತಾ ಇತ್ತಲ್ಲ, ಅದಕ್ಕೆ. ಇದನ್ನು ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೇನೆ.

ನನಗೊಬ್ಬ ಗೆಳೆಯ ಇದ್ದಾನೆ, ಸೇತುವೆಯ ಈಚೆ ಕಾಸರಕೋಡಿನವನು, ಡಿಗ್ರಿಯಲ್ಲಿ ಒಂದೇ ಬೆಂಚು. ಕ್ಯಾಥೋಲಿಕ್ ಕುಟುಂಬ. ಅವನಪ್ಪ ದೋಣಿಗೆ ಹೋಗ್ತಿದ್ದರು, ಅಮ್ಮ ಹೊನ್ನಾವರ ಪೇಟೆಯಲ್ಲಿ ಮೀನು ಮಾರ್ತಾರೆ. ಪರೀಕ್ಷೆ ದಿನಗಳಲ್ಲಿ ನಾನು ಅವರ ಮನೆಯಲ್ಲೇ ಉಂಡು ಓದಿದವನು. ಆ ರೀಲ್ ಮೀನುಪೇಟೆಯ ಫೋನುಗಳಿಗೂ ಹೋಗಿತ್ತು. ಒಬ್ಬ ಹುಡುಗ ಆಂಟಿ ಎದುರಿಗೇ ಅದನ್ನು ಜೋರಾಗಿ ಹಾಕಿ ನಕ್ಕನಂತೆ. ಗೆಳೆಯ ನನಗೆ ಫೋನ್ ಮಾಡಿದ. ಬೈತಾನೆ ಅಂದ್ಕೊಂಡಿದ್ದೆ. ಬೈಲಿಲ್ಲ. ಒಂದೇ ಪ್ರಶ್ನೆ ಕೇಳಿದ.

‘ನಿನ್ನ ರೀಲ್‌ನಲ್ಲಿ 1510 ಎಂತಕ್ಕೆ ಇಲ್ಲ ಮಾರಾಯ? ನೀನು ಇತಿಹಾಸ ಕಲಿಸೋನು, ನಿಂಗೆ ಗೊತ್ತಿಲ್ವಾ?’

ಗೊತ್ತಿತ್ತು. ಅದೇ ತೊಂದರೆ.

1510ರಲ್ಲಿ ಆಗಿದ್ದು ಇದು. ಅಫೊನ್ಸೊ ಡಿ ಅಲ್ಬುಕರ್ಕ್ ತನ್ನ ಹಡಗುಗಳ ಜೊತೆ ಈ ಕರಾವಳಿಗೆ ಬಂದಾಗ, ‘ಗೋವಾ ಹಿಡಿ, ಈಗ ಸಮಯ ಚೆನ್ನಾಗಿದೆ’ ಅಂತ ಅವನಿಗೆ ಹೇಳಿದವನೇ ತಿಮ್ಮೋಜ. ಗೋವಾ ಆಗ ಬಿಜಾಪುರದ ಆದಿಲ್ ಶಾಹಿ ಕೈಯಲ್ಲಿತ್ತು. ತಿಮ್ಮೋಜ ಬರೀ ಸಲಹೆ ಕೊಟ್ಟು ಸುಮ್ಮನಾಗಲಿಲ್ಲ, ತನ್ನ ದೋಣಿ, ತನ್ನ ಜನ ಎಲ್ಲ ಕರ್ಕೊಂಡು ಜೊತೆಗೇ ಹೋದ. ಆ ವರ್ಷದ ಆರಂಭದಲ್ಲಿ ಗೋವಾ ಸಿಕ್ತು, ಮೇ ಹೊತ್ತಿಗೆ ಕೈತಪ್ಪಿತು, ನವೆಂಬರ್ 25ಕ್ಕೆ ಮತ್ತೆ ಪೋರ್ಚುಗೀಸರದ್ದಾಯ್ತು. ಆಮೇಲೆ 1961ರವರೆಗೆ ಅವರದ್ದೇ. ಅಂದ್ರೆ ನಾನು ‘ಪೋರ್ಚುಗೀಸರ ವಿರುದ್ಧ ಎದೆಯೊಡ್ಡಿದ’ ಅಂತ ಡೋಲು ಬಾರಿಸಿದ ಮನುಷ್ಯನೇ ಅವರಿಗೆ ಗೋವಾದ ದಾರಿ ತೋರಿಸಿದವನು. 1505ರಲ್ಲಿ ಕೂಡ ಎದೆಯೊಡ್ಡಿದ ಅನ್ನೋದಕ್ಕಿಂತ, ಬೆಂಕಿ ಆರಿದ ಮೇಲೆ ಆಲ್ಮೇಡಾ ಹತ್ತಿರ ಸಂಧಾನಕ್ಕೆ ಬಂದ ಅನ್ನೋದೇ ಹೆಚ್ಚು ಸರಿ.

ಹಾಗಾದ್ರೆ ಅವನು ದ್ರೋಹಿನಾ? ಗೆಳೆಯನ ಫೋನ್ ಇಟ್ಟ ಮೇಲೆ ನನಗೆ ಬಂದ ಮೊದಲ ಯೋಚನೆಯೂ ಇದೇ. ಎರಡನೇ ರೀಲ್ ಮಾಡೋಣ, ‘ಹೊನ್ನಾವರದ ದ್ರೋಹಿ’ ಅಂತ. ಅದೂ ಓಡುತ್ತೆ. ನೋಡಿ, ಚಾಳಿ ಹೇಗಿರುತ್ತೆ.

ಆ ರಾತ್ರಿ ಧಾರವಾಡದ ನನ್ನ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿದ್ದಾರೆ. ಎಲ್ಲಾ ಕೇಳಿಸಿಕೊಂಡು, ‘ಆಲ್ಮೇಡಾ ಎಲ್ಲಿ ಸತ್ತ ಹೇಳು’ ಅಂದರು. ಪೋರ್ಚುಗಲ್‌ನಲ್ಲಿ ಅಂದೆ. ‘ಓದು ಮೊದಲು’ ಅಂತ ಇಟ್ಟೇ ಬಿಟ್ಟರು.

ಓದಿದೆ. ಹೊನ್ನಾವರ ಸುಟ್ಟ ಆಲ್ಮೇಡಾ ಸತ್ತಿದ್ದು ದಕ್ಷಿಣ ಆಫ್ರಿಕಾದ ತುದಿಯಲ್ಲಿ, ಇವತ್ತಿನ ಕೇಪ್ ಟೌನ್ ಇರೋ ಟೇಬಲ್ ಕೊಲ್ಲಿಯ ದಡದಲ್ಲಿ. ದಿನ 1510ರ ಮಾರ್ಚ್ 1. ಊರಿಗೆ ವಾಪಸ್ ಹೋಗ್ತಾ ಕುಡಿಯೋ ನೀರಿಗೆ ಅಂತ ಅಲ್ಲಿ ನಿಂತಿದ್ದಾನೆ. ದನ ಸಾಕೋ ಖೋಯ್‌ಖೋಯ್ ಜನರ ಹಳ್ಳಿಯ ಮೇಲೆ ಅವನ ಕಡೆಯವರು ಏರಿಹೋಗಿದ್ದಾರೆ. ಆ ಜನ ತಿರುಗಿಬಿದ್ದರು. ವೈಸರಾಯ್ ಮತ್ತು ಅವನ ಐವತ್ತಕ್ಕೂ ಹೆಚ್ಚು ಜನ ಅಲ್ಲೇ ಮುಗಿದರು. ಹಿಂದಿನ ವರ್ಷ ದಿಯು ಹತ್ತಿರ ದೊಡ್ಡ ನೌಕಾಪಡೆಯನ್ನೇ ಸೋಲಿಸಿದ್ದವನು, ದನಗಾಹಿಗಳ ಕೈಯಲ್ಲಿ ಸತ್ತ. ಅದೇ ದಿನಗಳಲ್ಲಿ ಇಲ್ಲಿ ನಮ್ಮ ತಿಮ್ಮೋಜ ಅಲ್ಬುಕರ್ಕ್ ಜೊತೆ ಗೋವಾದಲ್ಲಿದ್ದ.

ನನಗೆ ತಲೆ ತಿರುಗಿತು. ಹೊನ್ನಾವರ ಮತ್ತೆ ಕೇಪ್ ಟೌನ್ ಒಂದೇ ಕಥೆಯ ಎರಡು ಪುಟ ಅಂತ ನನಗೆ ಯಾರೂ ಹೇಳಿರಲಿಲ್ಲ. ಹುಡುಕ್ತಾ ಹೋದ ಹಾಗೆ ಸಿಕ್ತಾನೇ ಹೋಯ್ತು. ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ, ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ ಅಂತ ಬರೆದಿದ್ದಾನೆ, ಅದು ನಿಮಗೆ ಗೊತ್ತಿರಬಹುದು. ಅದೇ ಮನುಷ್ಯ ಅದಕ್ಕೂ ಹತ್ತು ವರ್ಷ ಮೊದಲು, 1331ರಲ್ಲಿ, ಪೂರ್ವ ಆಫ್ರಿಕಾದ ಕಿಲ್ವಾದಲ್ಲಿದ್ದ, ಸೊಫಾಲಾದ ಚಿನ್ನದ ಬಗ್ಗೆ ಬರೆದ. ಸೊಫಾಲಾ ಇವತ್ತಿನ ಮೊಜಾಂಬಿಕ್. ಆ ಚಿನ್ನ ಒಳನಾಡಿನ ಜಿಂಬಾಬ್ವೆ ಕಡೆಯಿಂದ ಬರ್ತಿತ್ತು. ಇಷ್ಟೆಲ್ಲ ಯಾಕೆ, ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಂಚಿನಲ್ಲಿರೋ ಸಿದ್ದಿಯರ ಹಿರಿಯರಲ್ಲಿ ಎಷ್ಟೋ ಜನ ಆ ಮೊಜಾಂಬಿಕ್ ಕಡೆಯಿಂದ ಗುಲಾಮರಾಗಿ ಗೋವಾಕ್ಕೆ ಬಂದವರು. ನಾನು ಎರಡು ವರ್ಷ ಎಂ.ಎ. ಓದಿದೆ, ದಕ್ಷಿಣ ಆಫ್ರಿಕಾ ಅಂದ್ರೆ ಗಾಂಧಿ ಮತ್ತು ರೈಲು, ಅಷ್ಟೇ ಗೊತ್ತಿತ್ತು.

ಹೀಗೆ ಆ ಕಡೆಯ ಇತಿಹಾಸ ಓದೋಕೆ ಶುರು ಮಾಡಿದವನಿಗೆ ಸಿಕ್ಕಿದ ಹೆಸರು ಟೆರೆನ್ಸ್ ರೇಂಜರ್. ಇವತ್ತಿನ ಮಾತು ನಿಜವಾಗಿ ಅವರ ಬಗ್ಗೆ.

ರೇಂಜರ್ ಹುಟ್ಟಿದ್ದು 1929ರಲ್ಲಿ, ಲಂಡನ್‌ನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮಾಡಿದ್ದು ಐರ್ಲೆಂಡಿನ ಹದಿನೇಳನೇ ಶತಮಾನದ ಒಬ್ಬ ಶ್ರೀಮಂತ ಜಮೀನ್ದಾರನ ಮೇಲೆ. ಆಫ್ರಿಕಾಕ್ಕೂ ಅವರಿಗೂ ಏನೂ ಸಂಬಂಧ ಇರಲಿಲ್ಲ. 1957ರಲ್ಲಿ ಕೆಲಸ ಸಿಕ್ತು ಅಂತ ಸಾಲಿಸ್‌ಬರಿಗೆ ಹೋದರು. ಅದು ಇವತ್ತಿನ ಹರಾರೆ, ಜಿಂಬಾಬ್ವೆಯ ರಾಜಧಾನಿ. ಆಗ ದೇಶದ ಹೆಸರು ದಕ್ಷಿಣ ರೊಡೇಷಿಯಾ. ಸೆಸಿಲ್ ರೋಡ್ಸ್ ಅನ್ನೋ ಒಬ್ಬ ಬಿಳಿಯನ ಕಂಪನಿ ಹಿಡಿದ ನಾಡು, ಅದಕ್ಕೆ ಅವನದ್ದೇ ಹೆಸರು. ಹೋಟೆಲು, ಈಜುಕೊಳ, ಎಲ್ಲದರಲ್ಲೂ ಕರಿಯರಿಗೆ ಪ್ರವೇಶ ಇಲ್ಲ. ರೇಂಜರ್ ಪಾಠ ಮಾಡಿ ಮನೆಗೆ ಹೋಗೋ ಮೇಷ್ಟ್ರಾಗಿ ಉಳಿಯಲಿಲ್ಲ. ವರ್ಣಭೇದದ ವಿರುದ್ಧ ಬೀದಿಗಿಳಿದರು, ಆಫ್ರಿಕನ್ ರಾಷ್ಟ್ರೀಯವಾದಿಗಳ ಜೊತೆ ನಿಂತರು. 1963ರಲ್ಲಿ ಸರ್ಕಾರ ಅವರನ್ನು ಗಡೀಪಾರು ಮಾಡಿತು. ಹೋಗಿ ಸೇರಿದ್ದು ಟಾಂಜಾನಿಯಾದ ದಾರ್ ಎಸ್ ಸಲಾಮ್. ಹೊಸ ದೇಶದ ಹೊಸ ವಿಶ್ವವಿದ್ಯಾಲಯ, ಇತಿಹಾಸದ ಮೊದಲ ಪ್ರೊಫೆಸರ್ ಇವರೇ.

ಅಲ್ಲಿದ್ದಾಗ 1967ರಲ್ಲಿ ಅವರ ಪುಸ್ತಕ ಬಂತು, ‘ರಿವೋಲ್ಟ್ ಇನ್ ಸದರ್ನ್ ರೊಡೇಷಿಯಾ’. 1896ರಲ್ಲಿ ಮೊದಲು ಎನ್‌ಡೆಬೆಲೆ ಜನ, ಆಮೇಲೆ ಶೋನಾ ಜನ ರೋಡ್ಸ್‌ನ ಕಂಪನಿ ವಿರುದ್ಧ ಎದ್ದ ದಂಗೆಯ ಕಥೆ. ಬಿಳಿಯರ ಪುಸ್ತಕಗಳಲ್ಲಿ ಅದು ಕಾಡುಜನರ ಹುಚ್ಚಾಟ ಅಂತಿತ್ತು. ರೇಂಜರ್ ಅದೇ ಬಿಳಿ ಅಧಿಕಾರಿಗಳ ಕಡತಗಳನ್ನು ಪತ್ರಾಗಾರದಲ್ಲಿ ಕೂತು ಓದಿ, ಇಲ್ಲ, ಇದಕ್ಕೊಂದು ಸಂಘಟನೆ ಇತ್ತು ಅಂದರು. ದೈವದ ಗುಡಿಗಳ ಪೂಜಾರಿಗಳು, ಮೈಮೇಲೆ ಹಿರಿಯರ ಆತ್ಮ ಬರೋರು, ನಮ್ಮ ಕಡೆ ಪಾತ್ರಿ ಅಂತೀವಲ್ಲ ಹಾಗೆ, ಅವರೇ ಬೇರೆ ಬೇರೆ ಜನರನ್ನು ಒಂದುಗೂಡಿಸಿದರು ಅಂತ ವಾದಿಸಿದರು. ನೆಹಾಂಡಾ ಅಂತ ಒಬ್ಬಾಕೆ ಇದ್ದಳು, 1898ರಲ್ಲಿ ಆಕೆಯನ್ನು ಗಲ್ಲಿಗೇರಿಸಿದರು. ಎಪ್ಪತ್ತರ ದಶಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಟಗಾರರು ಆಕೆಯ ಹೆಸರು ಹೇಳಿಯೇ ಕಾಡಿಗೆ ಹೋದರು. ರೇಂಜರ್ ಪುಸ್ತಕ ಆ ಹೋರಾಟಕ್ಕೆ ಒಂದು ವಂಶಾವಳಿ ಕೊಟ್ಟ ಹಾಗಾಯ್ತು: ಅಜ್ಜಂದಿರು ಎದ್ದಿದ್ದರು, ಈಗ ಮೊಮ್ಮಕ್ಕಳು.

ಇದು ಎಷ್ಟು ಬೇಕಾಗಿತ್ತು ಅನ್ನೋದಕ್ಕೆ ಒಂದು ಉದಾಹರಣೆ ಸಾಕು. ಆ ದೇಶದಲ್ಲಿ ಗ್ರೇಟ್ ಜಿಂಬಾಬ್ವೆ ಅನ್ನೋ ದೊಡ್ಡ ಕಲ್ಲಿನ ಕೋಟೆ-ಊರು ಇದೆ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಅದನ್ನು ಕಟ್ಟಿದ್ದು ಆಫ್ರಿಕನ್ನರೇ ಅಂತ 1905ರಲ್ಲೇ ಒಬ್ಬ, 1929ರಲ್ಲಿ ಇನ್ನೊಬ್ಬಾಕೆ ಅಗೆದು ನೋಡಿ ಹೇಳಿದ್ದರು. ಆದರೂ ಬಿಳಿ ಸರ್ಕಾರ ಅದನ್ನು ನೇರವಾಗಿ ಒಪ್ಪೋಕೆ ತಯಾರಿರಲಿಲ್ಲ. ಹೊರಗಿನವರು ಯಾರೋ ಕಟ್ಟಿರಬೇಕು ಅನ್ನೋ ಕಥೆಯೇ ಅವರಿಗೆ ಬೇಕಿತ್ತು. ಈ ಒತ್ತಡ ತಾಳಲಾರದೆ ಪೀಟರ್ ಗಾರ್ಲೇಕ್ ಅನ್ನೋ ಪುರಾತತ್ವ ಅಧಿಕಾರಿ 1970ರಲ್ಲಿ ದೇಶವನ್ನೇ ಬಿಟ್ಟು ಹೋಗಬೇಕಾಯ್ತು. ಅಂಥಾ ಕಡೆ ‘ನಿಮಗೂ ಇತಿಹಾಸ ಇದೆ’ ಅಂತ ಹೇಳೋದು ಸಣ್ಣ ಮಾತಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ರೇಂಜರ್ ಬಗ್ಗೆಯೂ ನಾನೊಂದು ರೀಲ್ ಮಾಡಿ ಡೋಲು ಹಾಕ್ತಿದ್ದೆ.

ಎಪ್ಪತ್ತರ ದಶಕದಲ್ಲಿ ಇಬ್ಬರು ಬಂದರು. ಜೂಲಿಯನ್ ಕಾಬಿಂಗ್, ಡೇವಿಡ್ ಬೀಚ್. ಅವರೂ ಅದೇ ಕಡತ ಓದಿದರು, ಭಾಷೆ ಬಲ್ಲವರ ಜೊತೆ ಹಳ್ಳಿಗಳ ಮೌಖಿಕ ಚರಿತ್ರೆಯನ್ನೂ ಇಟ್ಟು ನೋಡಿದರು. ರೇಂಜರ್ ಹೇಳಿದ ಹಾಗೆ ಎಲ್ಲವನ್ನೂ ಒಂದುಗೂಡಿಸಿದ ಪೂಜಾರಿಗಳ ಜಾಲ ಇರಲಿಲ್ಲ ಅಂದರು. ಹಳ್ಳಿ ಹಳ್ಳಿಯ ನಾಯಕರು ತಮ್ಮ ತಮ್ಮ ಲೆಕ್ಕದಲ್ಲಿ ಎದ್ದಿದ್ದರು, ಕೆಲವರು ಏಳಲೇ ಇಲ್ಲ, ಕೆಲವರು ಕಂಪನಿ ಜೊತೆಗೇ ಇದ್ದರು. ಹಾಗಾದರೆ ರೇಂಜರ್‌ಗೆ ಆ ಜಾಲ ಎಲ್ಲಿ ಕಂಡಿತು? ಕಡತದಲ್ಲೇ ಇತ್ತು! ಹೆದರಿದ ಬಿಳಿ ಅಧಿಕಾರಿಗಳು ಎಲ್ಲದರ ಹಿಂದೆ ಮಾಟಗಾರರ ಪಿತೂರಿ ಇದೆ ಅಂತ ಬರೆದಿಟ್ಟಿದ್ದರು. ಅವರಿಗೆ ಅದು ಪಿತೂರಿ, ರೇಂಜರ್‌ಗೆ ಅದು ಸಂಘಟನೆ. ಬರೆದವನ ಭಯ ಕಾಗದದೊಳಗೆ ಕೂತಿತ್ತು, ಇವರು ಅದನ್ನು ಹೆಮ್ಮೆಯ ಭಾಷೆಗೆ ಅನುವಾದ ಮಾಡಿದ್ದರು.

ನೀವೇ ಯೋಚನೆ ಮಾಡಿ. ನಿಮ್ಮ ಹೆಸರು ಬಂದಿದ್ದೇ ಆ ಪುಸ್ತಕದಿಂದ. ಒಂದು ದೇಶದ ಹೋರಾಟಗಾರರು ಅದನ್ನು ಓದ್ತಿದ್ದಾರೆ. ಯುದ್ಧ ಇನ್ನೂ ನಡೀತಿದೆ. ಆಗ ಯಾರೋ ಬಂದು ನಿಮ್ಮ ಮುಖ್ಯ ವಾದವೇ ತಪ್ಪು ಅಂತಾರೆ. ‘ಇವರು ಬಿಳಿಯರ ಪರ’ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು, ಜನ ನಂಬ್ತಿದ್ದರು. ರೇಂಜರ್ ಟೀಕೆಯ ಬಹುಪಾಲನ್ನು ಒಪ್ಪಿಕೊಂಡರು. ಆಮೇಲಿನ ಪುಸ್ತಕಗಳಲ್ಲಿ ಒಂದೊಂದೇ ಜಾಗ ಹಿಡಿದು, ಒಂದು ತಾಲೂಕು, ಒಂದು ಬೆಟ್ಟಸಾಲು, ಒಂದು ಕುಟುಂಬ ಅಂತ ಹತ್ತಿರದಿಂದ ಬರೆದರು. 1983ರಲ್ಲಿ ಎರಿಕ್ ಹಾಬ್ಸ್‌ಬಾಮ್ ಜೊತೆ ಸೇರಿ ಸಂಪಾದಿಸಿದ ‘ದಿ ಇನ್ವೆನ್ಷನ್ ಆಫ್ ಟ್ರೆಡಿಷನ್’ ಜಗತ್ತಿನಲ್ಲೆಲ್ಲ ಹೆಸರು ಮಾಡಿತು. ನಾವು ಪುರಾತನ ಅಂದ್ಕೊಂಡಿರೋ ಎಷ್ಟೋ ಸಂಪ್ರದಾಯ ಇತ್ತೀಚಿನ ಕಾಲದಲ್ಲಿ ಹುಟ್ಟಿಸಿದ್ದು ಅನ್ನೋದು ಅದರ ಸಾರ. ಹತ್ತು ವರ್ಷ ಕಳೆದು ತಮ್ಮದೇ ಲೇಖನಕ್ಕೆ ತಾವೇ ತಿದ್ದುಪಡಿ ಬರೆದರು: ‘ಹುಟ್ಟಿಸಿದ್ದು’ ಅನ್ನೋ ಪದ ಒಂದು ಕಡೆಗೆ ವಾಲಿತು, ಆಫ್ರಿಕನ್ನರೇನು ಸುಮ್ಮನೆ ಕೂತಿರಲಿಲ್ಲವಲ್ಲ ಅಂತ.

ಕೆಲಸದ ವಿಷಯ ಬೇಗ ಹೇಳಿಬಿಡ್ತೇನೆ. ದಾರ್ ಎಸ್ ಸಲಾಮ್ ಆದ ಮೇಲೆ ಅಮೆರಿಕದ ಲಾಸ್ ಏಂಜಲೀಸ್, ಮ್ಯಾಂಚೆಸ್ಟರ್, 1987ರಿಂದ 1997ರವರೆಗೆ ಆಕ್ಸ್‌ಫರ್ಡ್. ಅಲ್ಲಿ ಅವರು ಕೂತ ಪೀಠದ ಹೆಸರು ಕೇಳಿ: ರೋಡ್ಸ್ ಪೀಠ! ಯಾರ ಕಂಪನಿ ವಿರುದ್ಧದ ದಂಗೆ ಬಗ್ಗೆ ಬರೆದು ಹೆಸರಾದರೋ ಅವನದ್ದೇ ಹೆಸರಿನ ಕುರ್ಚಿ.

ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಮಾತ್ರ 2004ರಲ್ಲಿ ಅವರು ಬರೆದ ಒಂದು ಲೇಖನ. ಆ ಹೊತ್ತಿಗೆ ಜಿಂಬಾಬ್ವೆ ಸ್ವತಂತ್ರವಾಗಿ ಇಪ್ಪತ್ತು ವರ್ಷ ದಾಟಿತ್ತು, ಅಧಿಕಾರದಲ್ಲಿ ರಾಬರ್ಟ್ ಮುಗಾಬೆ. ಸರ್ಕಾರ ಯುವಕರ ಶಿಬಿರಗಳಲ್ಲಿ, ಟೀವಿಯಲ್ಲಿ, ಶಾಲೆಯಲ್ಲಿ ಒಂದು ಬಗೆಯ ಇತಿಹಾಸ ಕಲಿಸೋಕೆ ಶುರು ಮಾಡಿತ್ತು. ರೇಂಜರ್ ಅದಕ್ಕೆ ‘ದೇಶಭಕ್ತ ಇತಿಹಾಸ’ ಅಂತ ಹೆಸರಿಟ್ಟರು. ಅದರಲ್ಲಿ ಎರಡೇ ಜಾತಿಯ ಜನ, ದೇಶಭಕ್ತರು ಮತ್ತು ದ್ರೋಹಿಗಳು. ಪ್ರಶ್ನೆಗೆ ಜಾಗ ಇಲ್ಲ. ಆ ಇತಿಹಾಸದ ಮೂಲ ಸಾಮಾನು ಎಲ್ಲಿಂದ ಬಂತು? ನೆಹಾಂಡಾ, ಮೊದಲ ದಂಗೆ, ಎರಡನೇ ದಂಗೆ, ಈಗ ಮೂರನೆಯದು. ಅಂದ್ರೆ ರೇಂಜರ್ ಯೌವನದಲ್ಲಿ ಕಟ್ಟಿಕೊಟ್ಟ ಅದೇ ಏಣಿ. ಎಪ್ಪತ್ತೈದರ ಹತ್ತಿರ ಬಂದಿದ್ದ ಮನುಷ್ಯ, ನಾನು ಬರೆದ ರಾಷ್ಟ್ರೀಯವಾದಿ ಇತಿಹಾಸಕ್ಕೂ ಇದಕ್ಕೂ ಏನು ಸಂಬಂಧ, ಎಲ್ಲಿ ಬೇರೆ ಅಂತ ಬಿಡಿಸಿ ಬಿಡಿಸಿ ನೋಡಿದರು. 2013ರಲ್ಲಿ ‘ರೈಟಿಂಗ್ ರಿವೋಲ್ಟ್’ ಅಂತ ಆ ಮೊದಲ ವರ್ಷಗಳ ನೆನಪು ಬರೆದರು. 2015ರ ಜನವರಿ 3ಕ್ಕೆ ತೀರಿಹೋದರು.

ಅವರನ್ನು ದೇವರು ಮಾಡೋದು ಬೇಡ. ‘ದೇಶಭಕ್ತ ಇತಿಹಾಸ’ದ ಬೀಜ ಅವರ ಹಳೇ ಪುಸ್ತಕದಲ್ಲೇ ಇತ್ತು ಅಂತ ನನಗನ್ನಿಸುತ್ತೆ, ಅವರು ಒಪ್ಪಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಆದರೆ ನನ್ನ ತೊಂಬತ್ತು ಸೆಕೆಂಡಿನ ರೀಲ್‌ಗೆ ಬಂದ ಒಂದು ಪ್ರಶ್ನೆ ನನಗೆ ತಾಳೋಕೆ ಆಗಿರಲಿಲ್ಲ. ಆ ಮನುಷ್ಯ ನಲವತ್ತು ವರ್ಷ ತನ್ನ ಪುಸ್ತಕದ ಜೊತೆ ತಾನೇ ಜಗಳ ಆಡ್ತಾ ಬಂದರು.

ಮತ್ತೆ ತಿಮ್ಮೋಜನ ಹತ್ತಿರ ಬರೋಣ. ಅವನ ಬಗ್ಗೆ ನಮಗೆ ಗೊತ್ತಿರೋದೆಲ್ಲ ಹೆಚ್ಚುಕಡಿಮೆ ಪೋರ್ಚುಗೀಸರು ಬರೆದದ್ದೇ. ಅವರಿಗೆ ಅವನು ಮೊದಲು ಕಡಲುಗಳ್ಳ, ಆಮೇಲೆ ಗೆಳೆಯ. ನಾನು ‘ಕಡಲುಗಳ್ಳ’ ಅನ್ನೋದನ್ನು ತೆಗೆದು ‘ವೀರ’ ಹಾಕಿದ್ದೆ, ಅಷ್ಟೇ ನನ್ನ ಸಂಶೋಧನೆ. ಆ ಕಾಗದಗಳನ್ನು ಕೂತು ಓದಿದ ನಮ್ಮವರೂ ಇದ್ದಾರೆ. ಗೋವಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸ್ತಿದ್ದ ಬಿ.ಎಸ್. ಶಾಸ್ತ್ರಿ ಅವರು 1498ರಿಂದ 1763ರವರೆಗಿನ ಗೋವಾ-ಕೆನರಾ ಪೋರ್ಚುಗೀಸ್ ಸಂಬಂಧಗಳ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ಭಟ್ಕಳ, ಹೊನ್ನಾವರ, ಮಿರ್ಜಾನ್ ಹೆಸರುಗಳ ಇತಿಹಾಸಕ್ಕೆ ಬೇಕಾದ ಪುಸ್ತಕ, ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ನಾನಂತೂ ಓದಿರಲಿಲ್ಲ.

ಓದ್ತಾ ಹೋದ ಹಾಗೆ ವೀರ, ದ್ರೋಹಿ ಎರಡೂ ಪದ ಸಡಿಲ ಆಗ್ತವೆ. ಭಟ್ಕಳ, ಹೊನ್ನಾವರ ವಿಜಯನಗರಕ್ಕೆ ಕುದುರೆ ಬರ್ತಿದ್ದ ಬಂದರುಗಳು. ಗೋವಾ ಕೈತಪ್ಪಿದ್ದರಿಂದ ಆ ವ್ಯಾಪಾರಕ್ಕೆ ಏಟು ಬಿದ್ದಿತ್ತು. ತಿಮ್ಮೋಜನಿಗೆ ದೊಡ್ಡ ಶತ್ರು ಬಿಜಾಪುರ. ಪೋರ್ಚುಗೀಸರು ನೂರಾರು ವರ್ಷ ಇಲ್ಲೇ ಕೂರ್ತಾರೆ ಅಂತ 1510ರಲ್ಲಿ ಯಾರಿಗೆ ಗೊತ್ತು? ಅವನಿಗೆ ‘ಭಾರತ’ ಅಂತ ನಾವು ಇವತ್ತು ಹೇಳೋ ಗೆರೆ ಇರಲಿಲ್ಲ. ಅವನ ಗೆರೆ ಬೇರೆ ಇತ್ತು: ಯಾವ ಬಂದರಿನಲ್ಲಿ ಸುಂಕ ಯಾರದು. ಮತ್ತೆ ಕಾಸರಕೋಡಿನಲ್ಲಿ ಇವತ್ತು ಬಲೆ ಒಣಗಿಸ್ತಿರೋ ಮನೆಗೂ, ಆಲ್ಮೇಡಾ ಇಟ್ಟ ಬೆಂಕಿಗೂ ನಾನು ಯಾವ ಸಂಬಂಧ ಜೋಡಿಸಿಬಿಟ್ಟಿದ್ದೆ!

ಹಳೇ ರೀಲ್ ತೆಗೆದೆ. ಹೊಸದು ಮಾಡಿದೆ. ಈ ಸಲ ಡೋಲು ಇಲ್ಲ. ‘ನಾನು ಹೋದ ಸಲ ಹೇಳಿದ್ದರಲ್ಲಿ ಇದು ತಪ್ಪು, ಇದನ್ನು ಗೊತ್ತಿದ್ದೂ ಬಿಟ್ಟೆ’ ಅಂತ ಮುಖ ತೋರಿಸಿ ಹೇಳಿದೆ. 1505, 1510 ಎರಡೂ ಹೇಳಿದೆ, ಕೇಪ್ ಟೌನಿನ ದಡವನ್ನೂ ಹೇಳಿದೆ. ಓಡಲಿಲ್ಲ. ನನ್ನ ವಿದ್ಯಾರ್ಥಿಗಳು ನೋಡಿದರು, ಪಾಪ, ಇಂಟರ್ನಲ್ ಮಾರ್ಕ್ಸ್ ಇದೆಯಲ್ಲ. ಒಬ್ಬ ‘ಸರ್, ಯಾರ ಒತ್ತಡ ಇತ್ತು?’ ಅಂತ ಬರೆದ. ಹಳೇ ರೀಲ್ ಇನ್ನೂ ಯಾವ್ಯಾವುದೋ ಗ್ರೂಪಿನಲ್ಲಿ ತಿರುಗ್ತಾ ಇದೆ, ನನ್ನ ಹೆಸರು ತೆಗೆದು ಬೇರೆಯವರ ಹೆಸರು ಹಾಕಿದ್ದಾರೆ. ನಿಮಗೆ ಬಂದರೆ, ದಯವಿಟ್ಟು, ಅದು ನಂದು.

ಹೊಸದನ್ನು ಹಾಕಿದ ವಾರ ಕಾಸರಕೋಡಿಗೆ ಹೋದೆ. ತಿಂಗಳುಗಟ್ಟಲೆ ಹೋಗಿರಲಿಲ್ಲ. ಆಂಟಿ ಮೀನು ಬುಟ್ಟಿ ತೊಳೀತಾ ಇದ್ದರು. ನಾನು ಏನೋ ಕ್ಷಮೆ ಕೇಳೋಕೆ ಬಾಯಿ ತೆಗೆದೆ. ಅವರು ತಲೆ ಎತ್ತದೆ, ‘ಊಟ ಆಯ್ತಾ?’ ಅಂದರು. ಇಲ್ಲ ಅಂದೆ. ಬಡಿಸಿದರು. ಉಂಡೆ. ಗೆಳೆಯ ಫೋನ್ ನೋಡ್ತಾ ಕೂತಿದ್ದ, ಜಾಸ್ತಿ ಮಾತಾಡಲಿಲ್ಲ. ಕೈ ತೊಳೆಯೋ ಹೊತ್ತಿಗೆ ಆಂಟಿ ಕೇಳಿದರು, ‘ಅವತ್ತು ಸುಟ್ಟರು ಅಂದ್ಯಲ್ಲ ಹಡಗು, ಅದರ ಮೇಲೆ ಕೆಲಸ ಮಾಡೋರು ಇದ್ರಲ್ಲ, ಅವರು ಯಾರು, ಅವರ ಹೆಸರೇನಾದ್ರೂ ಇದ್ಯಾ?’

ಅದನ್ನು ನೋಡೋಕೆ ಪಣಜಿಯ ಪತ್ರಾಗಾರಕ್ಕೆ ಹೋಗೋಣ ಅಂತಿದ್ದೇನೆ, ಡಿಸೆಂಬರ್ ರಜೆಯಲ್ಲಿ. ಪೋರ್ಚುಗೀಸ್ ಅಕ್ಷರ ಈಗಷ್ಟೇ ಕಲೀತಾ ಇದ್ದೇನೆ, ಫೋನಿನ ಆ್ಯಪ್‌ನಲ್ಲಿ, ಇದೇ ಬಸ್ಸಿನಲ್ಲಿ ಕೂತು. ಗೆಳೆಯನ ಮಾವ ಒಬ್ಬರು ಮಡಗಾಂವ್‌ನಲ್ಲಿದ್ದಾರೆ. ಉಳಿಯೋಕೆ ಅಲ್ಲಿ ವ್ಯವಸ್ಥೆ ಮಾಡ್ತೇನೆ ಅಂತ ಮೊನ್ನೆ ಅವನೇ ಮೆಸೇಜ್ ಹಾಕಿದ.